ಬಾಲಂಗೋಚಿ

ಉತ್ತರ ಕೇಂದ್ರ
ಸೆಪ್ಟೆಂಬರ್ ೧೪

ಅತ್ತಿಗೆಗೆ ನಮಸ್ಕಾರ.

ಈ ಪತ್ರದ ಜೊತೆಗಿರುವ ಡಿಸ್ಕಿನಲ್ಲಿ ಈ ಬೇಸಿಗೆಯ ಚಿತ್ರಗಳೆಲ್ಲ ಇವೆ. ಇಲ್ಲಿನ ಇಂಟರ್ನೆಟ್ಟಿನ ಕಥೆ ನಿಮಗೆ ಗೊತ್ತೇ ಇದೆ. ‘ಆರೋಗ್ಯವಾಗಿದ್ದೇನೆ’ ಎಂಬ ಒಂದು ಸಾಲು ನಿಮ್ಮನ್ನು ತಲುಪುವಷ್ಟರಲ್ಲಿ ನನಗೆ ನೆಗಡಿ ಹಿಡಿದಿರುತ್ತದೆ. ಆದ್ದರಿಂದ ಎಂದಿನಂತೆ ಸರಕಿನ ಹಡಗನ್ನೇ ನಂಬಿದ್ದೇನೆ. ಡಿಸ್ಕನ್ನು ನನ್ನ ಎರಡು ಉಣ್ಣೆ ಕಾಲುಚೀಲಗಳ ಒಳಗಿಟ್ಟಿದ್ದೇನೆ. ಒಗೆದವೇ, ಹೆದರಬೇಡಿ.

ಬಾಚಣಿಗೆ ಈ ಸಲವೂ ಬಂದಳು. ತಿಮಿಂಗಿಲಗಳನ್ನು ಬಾಲ ನೋಡಿಯೇ ಗುರುತು ಹಿಡಿಯುವ ನಮಗೆ ಅವಳಷ್ಟು ಸುಲಭದವಳು ಇನ್ನೊಬ್ಬಳಿಲ್ಲ. ಬಾಲದ ಎಡ ಭಾಗದ ಮೇಲೆ ಬಾಚಣಿಗೆ ಎಳೆದಂತೆ ಐದು ಬಿಳಿ ಗೀರು, ತುದಿಯಲ್ಲಿ ಯಾರೋ ಕಚ್ಚಿ ತೆಗೆದಂಥ ಅರ್ಧಚಂದ್ರ. ನಾನು ಇಲ್ಲಿಗೆ ಬಂದ ಮೊದಲ ವರ್ಷದಿಂದ ಪ್ರತಿ ಬೇಸಿಗೆಯೂ ನೋಡುತ್ತಿದ್ದೇನೆ. ಹೋದ ವರ್ಷ ಮರಿಯನ್ನು ಕರೆತಂದಿದ್ದಳು. ಈ ವರ್ಷ ಒಬ್ಬಳೇ. ಮಂಜು ಕವಿದಿತ್ತೆಂದು ಎಂಜಿನ್ ನಿಲ್ಲಿಸಿ ಕುಳಿತಿದ್ದೆವು. ದೋಣಿಯ ಕೆಳಗಿನ ನೀರು ಇದ್ದಕ್ಕಿದ್ದಂತೆ ತಿಳಿ ಹಸಿರಾಯಿತು. ನೋಡಿದರೆ ಅವಳ ಬಿಳಿ ರೆಕ್ಕೆ. ನಮ್ಮ ದೋಣಿಯಷ್ಟೇ ಉದ್ದದ ಒಂದು ರೆಕ್ಕೆ, ಸದ್ದಿಲ್ಲದೆ ನಮ್ಮ ಕೆಳಗೆ ಹಾದುಹೋಗುತ್ತಿತ್ತು. ಆಮೇಲೆ ಅವಳು ಓರೆಯಾಗಿ ಮೇಲೆದ್ದು ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದಳು. ಇಷ್ಟು ವರ್ಷ ಪ್ರಾಣಿಗಳ ಚಿತ್ರ ತೆಗೆದಿದ್ದೇನೆ ಅತ್ತಿಗೆ. ನಾನೂ ಒಂದು ಪ್ರಾಣಿ ಎಂಬುದು ಆವತ್ತು ನೆನಪಾಯಿತು. ದೋಣಿ ನಡೆಸುವವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಯಾಕೆಂದು ಅವರಿಗೂ ಗೊತ್ತಿಲ್ಲವಂತೆ.

ಇನ್ನೊಂದು ವಿಷಯ. ಮಂಜಿನಿಂದಾಗಿ ಸಮುದ್ರಕ್ಕೆ ಇಳಿಯಲಾಗದ ದಿನಗಳಲ್ಲಿ, ನನ್ನ ಬಳಿಯಿರುವ ಸಂಗ್ರಹದ ಪ್ರತಿಯಲ್ಲಿ ಅಣ್ಣನ ದಕ್ಷಿಣದ ಚಿತ್ರಗಳನ್ನು ತೆರೆದು ಒಂದಿಷ್ಟು ಒಪ್ಪ ಮಾಡಿದ್ದೇನೆ. ಅವನದು ನಿಮಗೆ ಗೊತ್ತಲ್ಲ, ಒಂದು ಬಾಲ ತೋರಿಸು ಎಂದರೆ ಅರ್ಧ ಸಮುದ್ರ ತೋರಿಸುವವನು. ಬಾಲ ಹೋಲಿಸುವ ಕೆಲಸಕ್ಕೆ ಬಾಲ ಸಾಕು. ಆದ್ದರಿಂದ ಎಲ್ಲವನ್ನೂ ಬಿಗಿಯಾಗಿ ಕತ್ತರಿಸಿ, ಬೆಳಕು ಹೆಚ್ಚಿಸಿ, ಹೆಸರು ಬರೆದಿದ್ದೇನೆ. ಮೂಲ ಚಿತ್ರಗಳಿಗೆ ಏನೂ ಆಗಿಲ್ಲ, ನಾನು ಬದಲಿಸಿದ್ದು ಪಕ್ಕದ ಬಾಲಂಗೋಚಿಗಳನ್ನು ಮಾತ್ರ. ಅವೂ ಈ ಡಿಸ್ಕಿನಲ್ಲಿವೆ.

ಬಾಲಂಗೋಚಿ ಎಂದು ಬರೆಯುವಾಗ ನಗು ಬಂತು. ಪ್ರತಿ ಫೋಟೋದ ಪಕ್ಕ ಅದೇ ಹೆಸರಿನ ಒಂದು ಪುಟಾಣಿ ಫೈಲು ಇರುತ್ತದೆ, ಬೆಳಕು ಎಷ್ಟು, ಎಲ್ಲಿ ಕತ್ತರಿಸಬೇಕು, ಇದು ಯಾವ ತಿಮಿಂಗಿಲ ಎಂದೆಲ್ಲ ಬರೆದಿರುವುದು ಅದರಲ್ಲಿ, ಅದಿಲ್ಲದಿದ್ದರೆ ಫೋಟೋ ಗಾಳಿಪಟದಂತೆ ಗಿರಗಿರ ತಿರುಗಿ ಬೀಳುತ್ತದೆ, ಅದಕ್ಕೇ ಅದು ಬಾಲಂಗೋಚಿ ಎಂದು ಅವನು ನನಗೆ ಪಾಠ ಹೇಳಿದ್ದ. ಅವನು ಹೋಗಿ ಮೂರು ವರ್ಷವಾಯಿತು. ನಾವಿಬ್ಬರೂ ಡಿಸ್ಕಿನ ಜೊತೆ ಇಂಥ ಪತ್ರ ಹಾಕುವುದು ಬಿಟ್ಟರೆ ಬೇರೆ ಮಾತಾಡಿಲ್ಲ. ನನ್ನದೇ ತಪ್ಪೆಂದು ಗೊತ್ತು. ಮನೆಗೆ ಬಂದರೆ ಅವನ ಚಪ್ಪಲಿ ಇರುತ್ತಿದ್ದ ಜಾಗ ನೋಡಬೇಕಾಗುತ್ತದೆ.

ನಿಮ್ಮ ನಾದಿನಿ


ಕೇಂದ್ರ ಕಚೇರಿ, ಚಿತ್ರಸಂಗ್ರಹ
ಅಕ್ಟೋಬರ್ ೩

ಉತ್ತರ ಕೇಂದ್ರದ ಛಾಯಾಗ್ರಾಹಕರಿಗೆ,

ನಿಮ್ಮ ಡಿಸ್ಕ್ ತಲುಪಿದೆ. ಈ ಬೇಸಿಗೆಯ ಚಿತ್ರಗಳೆಲ್ಲ ಸಂಗ್ರಹಕ್ಕೆ ಸೇರಿವೆ.

ಇದರ ಜೊತೆ ಇನ್ನೊಂದು ಸಂಗತಿ ನಡೆದಿದೆ. ಎರಡು ಕಡೆ ಒಂದೇ ಹೆಸರಿನ ಫೈಲು ಇದ್ದರೆ ಹೊಸ ತಾರೀಕಿನದು ಉಳಿಯಲಿ ಎಂಬುದು ನಮ್ಮ ಸಂಗ್ರಹದ ನಿಯಮ. ಇಲ್ಲಿದ್ದ ಬಾಲಂಗೋಚಿಗಳ ಮೇಲೆ ನಿಮ್ಮವು ಬಂದು ಕೂತವು. ದಕ್ಷಿಣದ ಚಿತ್ರಗಳಿಗೆ ನಿಮ್ಮ ಅಣ್ಣ ಬರೆದಿದ್ದ ಒಂದೊಂದೂ ಹೋಗಿದೆ. ಬ್ಯಾಕಪ್ಪಿನಲ್ಲಿ ಹುಡುಕಿದೆ. ಫೋಟೋಗಳ ಪ್ರತಿ ಇದೆ. ಪುಟಾಣಿ ಫೈಲುಗಳನ್ನು ಕಸ ಎಂದುಕೊಂಡು, ಹಿಂದೆ ಯಾರೋ ಬ್ಯಾಕಪ್ಪಿನಿಂದ ಬಿಟ್ಟುಬಿಟ್ಟಿದ್ದಾರೆ.

ಚಿತ್ರಗಳಿಗೆ ಏನೂ ಆಗಿಲ್ಲ ಎಂದು ನೀವು ಬರೆದಿದ್ದೀರಿ. ನಿಜ. ಕ್ಯಾಮೆರಾ ಕಂಡದ್ದು ಹಾಗೆಯೇ ಇದೆ. ಅವರು ಕಂಡದ್ದು ಇಲ್ಲ.

ನಿಮಗೆ ಗೊತ್ತಿರಲಾರದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗೆ ಹೋದಾಗ ನಾನು ದಿನಕ್ಕೊಂದು ಅವರ ಚಿತ್ರ ತೆರೆಯುತ್ತಿದ್ದೆ. ಮೊದಲು ಕ್ಯಾಮೆರಾ ತೆಗೆದ ಬೂದು ಬಣ್ಣದ್ದು ಕಾಣುತ್ತದೆ. ಕ್ಷಣ ಕಳೆದು ಬಾಲಂಗೋಚಿ ತನ್ನ ಕೆಲಸ ಶುರು ಮಾಡುತ್ತದೆ. ಆಕಾಶ ತಗ್ಗುತ್ತದೆ, ನೀರು ಕಪ್ಪಾಗುತ್ತದೆ, ಎಲ್ಲಿಂದಲೋ ಬೆಳಕು ಬಂದು ಒಂದೇ ಕಡೆ ನಿಲ್ಲುತ್ತದೆ. ಅವರು ಪಕ್ಕದಲ್ಲಿ ನಿಂತು ‘ಇಲ್ನೋಡು’ ಎಂದ ಹಾಗೆ. ದಿನಕ್ಕೊಂದು ಸಲ ಅಷ್ಟು ನನಗೆ ಸಾಕಾಗುತ್ತಿತ್ತು. ಈಗ ತೆರೆದರೆ ಅಲ್ಲಿ ನಿಂತಿರುವುದು ನೀನು.

ನಿಯಮ ಮಾಡಿದವಳು ನಾನೇ. ಆದರೂ ಅವರ ಚಿತ್ರಕ್ಕೆ ಕೈ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಚಿತ್ರಸಂಗ್ರಹದ ಮೇಲ್ವಿಚಾರಕಿ


ಉತ್ತರ ಕೇಂದ್ರ
ಅಕ್ಟೋಬರ್ ೨೨

ಅತ್ತಿಗೆ,

ನಿಮ್ಮ ಪತ್ರವನ್ನು ಬಂದರಿನಲ್ಲೇ ನಿಂತು ಓದಿದೆ. ‘ಛಾಯಾಗ್ರಾಹಕರಿಗೆ’ ಎಂಬ ಮೊದಲ ಸಾಲಿಗೇ ಮೂರು ಸಲ ಮರಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಮಜಾಯಿಷಿ ಹೇಳುವುದಿಲ್ಲ. ನಾನು ಆ ಚಿತ್ರಗಳನ್ನು ತೆರೆದದ್ದು ಕೆಲಸಕ್ಕೆ ಎಂದು ಬರೆದಿದ್ದೆ, ಅದು ಅರ್ಧ ಸತ್ಯ. ಮಂಜು ಕವಿದರೆ ಇಲ್ಲಿ ಕಿಟಕಿಯ ಹೊರಗೆ ಏನೂ ಇರುವುದಿಲ್ಲ. ಬಿಳಿ ಗೋಡೆ ಕಟ್ಟಿದ ಹಾಗೆ. ಆ ದಿನಗಳಲ್ಲಿ ಅವನ ಜೊತೆ ಕೂರಬೇಕೆನಿಸುತ್ತಿತ್ತು. ಚಿಕ್ಕವಳಿದ್ದಾಗಲೂ ಅವನ ಪಕ್ಕ ಸುಮ್ಮನೆ ಕೂತವಳಲ್ಲ ನಾನು. ಅವನು ಬರೆಯುತ್ತಿದ್ದ ಚಿತ್ರಕ್ಕೆ ಒಂದು ಗೆರೆಯಾದರೂ ಎಳೆದು ಹೊಡೆಸಿಕೊಂಡರೇ ಸಮಾಧಾನ. ಅದನ್ನೇ ಮತ್ತೆ ಮಾಡಿದ್ದೇನೆ. ಅದೇ ಹೊತ್ತಿನಲ್ಲಿ ನೀವೂ ಅಲ್ಲಿ ಅವನ ಇನ್ನೊಂದು ಪಕ್ಕ ಕೂತಿದ್ದಿರೆಂದು ನನಗೆ ಗೊತ್ತಿರಲಿಲ್ಲ ಅತ್ತಿಗೆ.

ಒಂದೇ ಒಂದು ದಾರಿ ತೋಚುತ್ತಿದೆ. ದಕ್ಷಿಣ ಕೇಂದ್ರದ ಕಾವಲಿನವರು, ನಮ್ಮ ಲಂಗರಪ್ಪ. ಒಮ್ಮೆ ಕೂತರೆ ಏಳುವುದಿಲ್ಲವೆಂದು ಅಣ್ಣನೇ ಅವರಿಗೆ ಆ ಹೆಸರಿಟ್ಟದ್ದು. ಅವರ ಕಂಪ್ಯೂಟರಿನಲ್ಲೂ ಸಂಗ್ರಹದ ಒಂದು ಪ್ರತಿ ಇರಬೇಕು. ನೀವು ವರ್ಷಕ್ಕೊಂದು ಕಳಿಸುವ ಹೊಸ ಪ್ರತಿಯನ್ನು ಅವರು ಹಾಕಿಕೊಂಡಿದ್ದರೂ ತೊಂದರೆಯಿಲ್ಲ, ನನ್ನ ಈ ಸಲದ ಘನಕಾರ್ಯ ಇನ್ನೂ ಅಲ್ಲಿಗೆ ಹೋಗಿರಲಾರದು. ಮುಂದಿನ ಡಿಸ್ಕ್ ಕಳಿಸುವ ಮೊದಲು ದಯವಿಟ್ಟು ಅವರಿಗೆ ಫೋನ್ ಮಾಡಿ. ಇಲ್ಲಿಂದ ಮಾಡಲು ನೋಡಿದೆ, ‘ಹಲೋ’ ಎಂಬುದರಲ್ಲಿ ‘ಲೋ’ ಮಾತ್ರ ತಲುಪಿತಂತೆ. ಯಾರೋ ಪೋಲಿ ಎಂದು ಇಟ್ಟುಬಿಟ್ಟರು.

ಗುಬ್ಬಿ
(ಅವನು ಕರೆಯುತ್ತಿದ್ದ ಹೆಸರು. ಇನ್ನೊಬ್ಬರಾದರೂ ನೆನಪಿಟ್ಟುಕೊಳ್ಳಲಿ ಎಂದು ಬರೆದೆ.)


ಕೇಂದ್ರ ಕಚೇರಿ
ನವೆಂಬರ್ ೨೪

ನಾದಿನಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ಈಗ ಹೇಳಲು ವಿಷಯವಿದೆ.

ಲಂಗರಪ್ಪನವರಿಗೆ ಫೋನ್ ಮಾಡಿದ್ದೆ. ಸಂಗ್ರಹದ ಪ್ರತಿ ಇದೆಯೇ ಎಂದು ಕೇಳಿದೆ.

“ಇದೆ. ನಿಮ್ಮ ಯಜಮಾನ್ರು ಕೊನೇ ಸಲ ಇಲ್ಲಿಗೆ ಬಂದಾಗ ಹಾಕಿಕೊಟ್ಟಿದ್ದು.”

“ಆಮೇಲೆ ನಾನು ವರ್ಷಾವರ್ಷ ಕಳಿಸಿದ ಡಿಸ್ಕುಗಳು?”

“ಜೋಪಾನವಾಗಿ ಇಟ್ಟಿದ್ದೀನಿ. ಒಂದನ್ನೂ ಬಿಚ್ಚಿಲ್ಲ.”

“ಯಾಕೆ?”

“ಅಲ್ಲಮ್ಮ, ಇದು ಸರಿಯಾಗಿ ಓಡ್ತಾ ಇದೆ. ಓಡ್ತಿರೋ ಗಾಡಿ ಚಕ್ರಕ್ಕೆ ಯಾರಾದ್ರೂ ಕೋಲು ಹಾಕ್ತಾರಾ?”

ಬೇರೆ ದಿನವಾಗಿದ್ದರೆ ಅವರ ಮೇಲೆ ದೂರು ಬರೆಯುತ್ತಿದ್ದೆ. ಆವತ್ತು, ನಿಮ್ಮ ಸೋಮಾರಿತನಕ್ಕೆ ನೂರು ವರ್ಷ ಆಯಸ್ಸಾಗಲಿ ಎಂದೆ. ಅವರಿಗೆ ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ. “ಆಗ್ಲಿ ಬಿಡಿ” ಎಂದರು.

ಫೋಟೋಗಳು ನಮ್ಮಲ್ಲೇ ಇವೆ, ಬಾಲಂಗೋಚಿಗಳು ಮಾತ್ರ ಸಾಕು ಎಂದು ವಿವರಿಸಿದೆ. ಯಾವುದನ್ನು ಒತ್ತಬೇಕು, ಯಾವುದನ್ನು ಮುಟ್ಟಬಾರದು ಎಂದು ಒಂದೊಂದಾಗಿ ಹೇಳಿಕೊಟ್ಟೆ. ಅವರೂ ತಾಳ್ಮೆಯಿಂದ ಮಾಡಿದರು. ಹದಿನೈದು ವರ್ಷ ಒಬ್ಬ ಮನುಷ್ಯ ಸಮುದ್ರ ನೋಡಿ ಬರೆದದ್ದಷ್ಟೂ ಒಟ್ಟು ಸೇರಿ ಒಂದು ಫೋಟೋದಷ್ಟು ತೂಗಿತು ಕಣೇ. ಅಲ್ಲಿನ ಬಡಕಲು ಇಂಟರ್ನೆಟ್ಟಿನಲ್ಲೇ ಒಂದು ಮಧ್ಯಾಹ್ನದಲ್ಲಿ ಬಂದು ಇಳಿಯಿತು. ನಾನು ಪರದೆಯ ಮುಂದೆ ಕೂತು, ರೈಲಿನಿಂದ ಇಳಿಯುವವರಲ್ಲಿ ನಮ್ಮವರ ಮುಖ ಹುಡುಕಿದಂತೆ ಒಂದೊಂದು ಹೆಸರನ್ನೂ ಓದಿದೆ. ಕೊನೆಯ ವರ್ಷದ ಕೆಲವು ಬಿಟ್ಟು ಎಲ್ಲ ಇವೆ.

ನಿನ್ನವನ್ನು ಅಳಿಸಿ ಅವರವನ್ನು ಹಾಕುವುದೆಂದು ಮೊದಲು ತೀರ್ಮಾನಿಸಿದ್ದೆ. ಬೆರಳು ಗುಂಡಿಯ ಮೇಲಿತ್ತು. ಆಗ ಒಂದು ಯೋಚನೆ ಬಂತು: ನೀನು ನನಗೆ ಮಾಡಿದ್ದನ್ನೇ ನಾನು ನಿನಗೆ ಮಾಡುತ್ತಿದ್ದೇನೆ. ಹಾಗಾಗಿ ನಿಯಮವನ್ನೇ ಬದಲಿಸಿದ್ದೇನೆ. ಇನ್ನು ಮುಂದೆ ಪ್ರತಿ ಬಾಲಂಗೋಚಿಯ ಹೆಸರಿನ ಕೊನೆಗೆ ಅದನ್ನು ಬರೆದವರ ಗುರುತು ಇರುತ್ತದೆ. ಒಬ್ಬರದ್ದು ಇನ್ನೊಬ್ಬರದ್ದನ್ನು ಮುಚ್ಚುವುದಿಲ್ಲ. ಒಂದು ಚಿತ್ರಕ್ಕೆ ಎಷ್ಟು ಜನ ಬೇಕಾದರೂ ಬರೆಯಬಹುದು. ಬ್ಯಾಕಪ್ಪಿಗೂ ಅವು ಸೇರಿವೆ. ಇದನ್ನು ಸಭೆಯಲ್ಲಿ ವಿವರಿಸಿದಾಗ ಲೆಕ್ಕಪತ್ರದವರು, “ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ” ಎಂದರು. ಆಗಲಿ ಎಂದೆ.

ಸಾವಿರಾರು ಚಿತ್ರಗಳಿಗೆ ಇಬ್ಬರ ಬಾಲಂಗೋಚಿಯನ್ನೂ ಜೋಡಿಸಿ ಪರೀಕ್ಷಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ. ಶುರು ಮಾಡಿದ್ದೇನೆ. ಪರದೆಯ ಎಡಕ್ಕೆ ಅವರದು, ಬಲಕ್ಕೆ ನಿನ್ನದು. ಒಂದೇ ಕ್ಷಣ, ಒಂದೇ ಪ್ರಾಣಿ. ಅವರಿಗೆ ಅದು ಸಂಜೆ, ನಿನಗೆ ಅದು ಬಾಲ. ಮೊದಲ ದಿನ ಕೋಪ ಬಂತು. ನಾಲ್ಕನೆಯ ದಿನ ನಿನ್ನವುಗಳಲ್ಲೂ ಕೆಲವನ್ನು ಎರಡೆರಡು ಸಲ ನೋಡಿದೆ. ಅವರು ಕತ್ತಲಲ್ಲಿ ಬಿಟ್ಟದ್ದನ್ನು ನೀನು ಬೆಳಕಿಗೆ ಹಿಡಿದಿದ್ದೀಯೆ, ಬಾಲದ ಒಂದೊಂದು ಚುಕ್ಕೆಯೂ ಕಾಣುತ್ತದೆ. ಹೇಳಬೇಕೆನಿಸಿತು, ಹೇಳಿದ್ದೇನೆ.

ಅಲ್ಲಿ ಹಿಮ ಬೀಳಲು ಶುರುವಾಗಿರಬೇಕು. ಆ ಎರಡು ಕಾಲುಚೀಲಗಳನ್ನು ಇದರ ಜೊತೆ ಕಳಿಸಿದ್ದೇನೆ. ಒಂದರ ಹಿಮ್ಮಡಿ ಹರಿದಿತ್ತು, ಹೊಲಿದಿದ್ದೇನೆ.

ಅತ್ತಿಗೆ


ಕೇಂದ್ರ ಕಚೇರಿ
ಡಿಸೆಂಬರ್ ೧೬

ಗುಬ್ಬಿ,

ಕೂತು ಓದು. ನಿಂತಿದ್ದರೆ ಕೂತುಕೋ.

ಅವರು ದಕ್ಷಿಣ ಕೇಂದ್ರಕ್ಕೆ ಹೋದ ಹೊಸದರ ಚಿತ್ರಗಳನ್ನು ನಿನ್ನೆ ಜೋಡಿಸುತ್ತಿದ್ದೆ. ಹದಿನೆಂಟು ವರ್ಷ ಹಿಂದಿನವು. ಒಂದರಲ್ಲಿ ನಡುವೆ ತಾಯಿ ತಿಮಿಂಗಿಲ ಮುಳುಗುತ್ತಿದೆ, ಬಾಲ ಪೂರ್ತಿ ಮೇಲಿದೆ. ನೀನು ಆ ಬಾಲಕ್ಕೆ ಸರಿಯಾಗಿ ನಾಲ್ಕೂ ಕಡೆ ಕತ್ತರಿಸಿದ್ದೀಯೆ. ಸಂಗ್ರಹದಲ್ಲಿ ಆ ತಾಯಿಗೆ ಸಂಖ್ಯೆಯಿದೆ, ಅದನ್ನೂ ಸರಿಯಾಗಿ ಬರೆದಿದ್ದೀಯೆ. ತಪ್ಪೇನೂ ಇಲ್ಲ.

ಅವರದನ್ನು ಪಕ್ಕದಲ್ಲಿ ತೆರೆದೆ. ಅವರು ಎಂದಿನಂತೆ ಅರ್ಧ ಸಮುದ್ರ ಉಳಿಸಿಕೊಂಡಿದ್ದಾರೆ. ಆದರೆ ತಾಯಿಯನ್ನು ಕತ್ತಲಿಗೆ ಬಿಟ್ಟು, ಎಡಗಡೆಯ ಕೆಳ ಮೂಲೆಗೆ ಮಾತ್ರ ಬೆಳಕು ಕೊಟ್ಟಿದ್ದಾರೆ. ಕ್ಯಾಮೆರಾ ತೆಗೆದದ್ದರಲ್ಲಿ ಆ ಮೂಲೆ ಬರೀ ಕಪ್ಪು. ಅವರ ಬಾಲಂಗೋಚಿ ಕೆಲಸ ಮಾಡುತ್ತಿದ್ದಂತೆ ಆ ಕಪ್ಪಿನೊಳಗಿಂದ ಒಂದು ಪುಟ್ಟ ಬಾಲ ಎದ್ದು ಬಂತು. ಮರಿ. ತಾಯಿಯ ಹಿಂದೆ ಮುಳುಗಲು ಹೋಗಿ ಓರೆಯಾಗಿದೆ. ಬಾಲದ ಎಡ ಭಾಗದ ಮೇಲೆ ಐದು ಗೀರು, ಹಸಿ ಗಾಯ. ತುದಿಯ ಮಾಂಸ ಹೋಗಿದೆ. ಅದರ ಕೆಳಗೆ ಅವರು ಬರೆದ ಟಿಪ್ಪಣಿ: ‘ಮರಿ. ಬೇಟೆಗಾರ ತಿಮಿಂಗಿಲಗಳ ಹಲ್ಲು. ಉಳಿಯುವುದು ಕಷ್ಟ.’ ಅದಕ್ಕೇ ಅದಕ್ಕೆ ಸಂಖ್ಯೆ ಕೊಟ್ಟಿಲ್ಲ.

ಈ ಚಿತ್ರವನ್ನು ನಾನು ಹಿಂದೆಯೂ ನೋಡಿದ್ದೇನೆ. ಊಟದ ಹೊತ್ತಿನಲ್ಲಿ ನಾನು ಹುಡುಕುತ್ತಿದ್ದುದು ಅವರನ್ನು, ಮರಿಯನ್ನಲ್ಲ. ನಿನ್ನೆ ನಿನ್ನ ಚಿತ್ರದಲ್ಲಿ ಮರಿ ಇಲ್ಲದ್ದರಿಂದ, ಅವರ ಚಿತ್ರದಲ್ಲಿ ಅದನ್ನೇ ನೋಡಿದೆ. ಆ ಗೀರುಗಳನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ಈ ಬೇಸಿಗೆಯ ನಿನ್ನ ಡಿಸ್ಕ್ ತೆರೆದೆ. ಬಾಚಣಿಗೆಯ ಬಾಲವನ್ನು ಪಕ್ಕದಲ್ಲಿಟ್ಟೆ.

ಗುಬ್ಬಿ, ಅದು ಅವಳೇ.

ನನ್ನ ಕಣ್ಣನ್ನು ನಾನು ನಂಬಲಿಲ್ಲ. ಡಾಕ್ಟರಮ್ಮನ ಕೋಣೆಗೆ ಹೋಗಿ ಕರೆತಂದೆ. ಅವರು ಇಡೀ ಜೀವನ ತಿಮಿಂಗಿಲ ಓದಿದವರು, ಸುಮ್ಮನೆ ಹೂಂ ಎನ್ನುವವರಲ್ಲ. “ಮರಿಗಳ ಬಾಲದ ಬಣ್ಣ ಬೆಳೀತಾ ಬದಲಾಗುತ್ತೆ, ಅದನ್ನ ನಂಬಬೇಡಿ” ಎಂದರು. “ಆದ್ರೆ ಹಲ್ಲಿನ ಗಾಯ ಹೋಗಲ್ಲ.” ಗೀರುಗಳ ನಡುವಿನ ಅಂತರ ಅಳೆದರು. ಮೊದಲ ಎರಡು ಹತ್ತಿರ, ಮೂರನೆಯದು ದೂರ, ಕೊನೆಯದು ಸ್ವಲ್ಪ ಸೊಟ್ಟ. ಬಾಲ ದೊಡ್ಡದಾದಂತೆ ಅಂತರಗಳೂ ಅದೇ ಪ್ರಮಾಣದಲ್ಲಿ ಹಿಗ್ಗಿವೆ. ಅರ್ಧಚಂದ್ರದ ಮೂಲೆಯೂ ಕೂಡಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಇಷ್ಟು ಗಾಯ ಆಗಿರೋ ಮರಿ ಅಲ್ಲಿಂದ ಉತ್ತರಕ್ಕೆ ಈಜಿತಾ” ಎಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ.

ನನ್ನ ಮೇಜಿನ ಮೇಲಿನ ಭೂಪಟದಲ್ಲಿ ಅವರ ಕೊಲ್ಲಿಯ ಮೇಲೆ ಹೆಬ್ಬೆರಳಿಟ್ಟು ಕಿರುಬೆರಳು ಚಾಚಿದರೂ ನಿನ್ನ ಕೊಲ್ಲಿ ಸಿಗುವುದಿಲ್ಲ. ಒಂದು ಗೇಣಿಗೂ ಹೆಚ್ಚು ಸಮುದ್ರ. ಹುಟ್ಟಿದ ಕೆಲವೇ ವಾರಕ್ಕೆ ಹರಿದ ಬಾಲದಲ್ಲಿ ಅದು ಅಷ್ಟು ದೂರ ಹೋಗಿದೆ. ಆಮೇಲೆ ವರ್ಷಾವರ್ಷ ಹೋಗಿ ಬಂದಿದೆ. ಹೋದ ವರ್ಷ ತನ್ನ ಮರಿಯನ್ನು ಕರೆದುಕೊಂಡು ಬಂದು ನಿನಗೆ ತೋರಿಸಿದೆ. ಬದುಕುವುದಿಲ್ಲವೆಂದು ಅಣ್ಣ ಬರೆದಿಟ್ಟದ್ದನ್ನು ತಂಗಿ ಇಷ್ಟು ವರ್ಷ ಬೇರೆ ಹೆಸರಿನಲ್ಲಿ ಕರೆದು ಮಾತಾಡಿಸಿದ್ದಾಳೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾವು ಹುಡುಕಲೂ ಇಲ್ಲ, ಕೂಸು ತಾನಾಗಿ ಬಂತು.

ಅವರಿಗೆ ಇದು ತಿಳಿಯಲಿಲ್ಲವಲ್ಲ ಎಂದು ಒಂದು ಕ್ಷಣ ಅನಿಸಿತು. ಆದರೆ ಅದಕ್ಕಿಂತ ದೊಡ್ಡದೊಂದು ಎದೆಯೊಳಗೆ ಬಂದು ನಿಂತಿದೆ. ಅದಕ್ಕೆ ಹೆಸರು ಗೊತ್ತಿಲ್ಲ. ಇವತ್ತು ಬಸ್ಸಿನಲ್ಲಿ ಬರುವಾಗ ನನ್ನ ನಿಲ್ದಾಣ ದಾಟಿ ಹೋಗಿದ್ದೆ.

ಅತ್ತಿಗೆ


ಉತ್ತರ ಕೇಂದ್ರ
ಜನವರಿ ೧೧

ಅತ್ತಿಗೆ,

ಹಡಗು ಹಿಮದಿಂದಾಗಿ ತಡವಾಯಿತು. ನಿಮ್ಮ ಪತ್ರ ಈ ಬೆಳಿಗ್ಗೆ ಬಂತು. ಹಿಂದಿರುಗುವ ಹಡಗಿಗೇ ಇದನ್ನು ಕೊಡಬೇಕು, ಆದ್ದರಿಂದ ಅಕ್ಷರ ಸೊಟ್ಟವಾಗಿದ್ದರೆ ಕ್ಷಮಿಸಿ.

ಆ ಮರಿಯ ಬಗ್ಗೆ ನನಗೆ ಗೊತ್ತು. ಗೊತ್ತಿತ್ತು ಎಂಬುದು ಇವತ್ತು ನೆನಪಾಯಿತು. ನಾನು ಆಗ ಹಾಸ್ಟೆಲ್ಲಿನಲ್ಲಿದ್ದೆ. ಅಣ್ಣ ಫೋನ್ ಮಾಡಿದ್ದ. ಎಂದೂ ಕೆಲಸದ ಮಾತು ಆಡದವನು ಆವತ್ತು, “ಗುಬ್ಬಿ, ಇವತ್ತೊಂದು ಮರಿ ನೋಡಿದೆ ಕಣೇ” ಎಂದು ಶುರು ಮಾಡಿದ. ಬೇಟೆಗಾರ ತಿಮಿಂಗಿಲಗಳು ಐದಾರು ಸೇರಿ ಅದನ್ನು ಸುತ್ತುವರಿದಿದ್ದವಂತೆ. ತಾಯಿ ಮರಿಯನ್ನು ತನ್ನ ಬೆನ್ನಿನ ಮೇಲೆ ಎತ್ತಿಕೊಂಡು ನೀರಿನಿಂದ ಹೊರಗೆ ಹಿಡಿದಿದ್ದಳಂತೆ. ಇವರ ದೋಣಿಯಿಂದ ಏನೂ ಮಾಡುವಂತಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡುತ್ತಾ ನಿಂತಿದ್ದರು. ಕೊನೆಗೆ ಅವು ಬಿಟ್ಟು ಹೋದವು. “ಮರಿ ಉಸಿರಾಡ್ತಾ ಇತ್ತು. ಆದ್ರೆ ಉಳಿಯಲ್ಲ. ಆ ತಾಯಿಗೆ ಅದು ಗೊತ್ತಿಲ್ಲ, ಅದನ್ನ ತಳ್ಳಿಕೊಂಡು ಹೋಗ್ತಾನೇ ಇದ್ದಾಳೆ” ಎಂದ. ಆಮೇಲೆ ಮಾತಿಲ್ಲ. ಲೈನು ಕಟ್ಟಾಯಿತೆಂದು ನಾನು ಹಲೋ ಹಲೋ ಎನ್ನುತ್ತಿದ್ದೆ. ಅವನು ಅಳುತ್ತಿದ್ದ ಎಂಬುದು ಎಷ್ಟೋ ದಿನದ ಮೇಲೆ ಹೊಳೆಯಿತು.

ನಾನು ಈ ಕೆಲಸಕ್ಕೆ ಬಂದದ್ದು ಆ ಫೋನಿನಿಂದ. ಅದನ್ನು ಯಾರಿಗೂ ಹೇಳಿಲ್ಲ, ಅವನಿಗೂ. ಆ ಮರಿಗಾಗಿ ಬಂದವಳು ಅದೇ ಮರಿಯನ್ನು ಪ್ರತಿ ಬೇಸಿಗೆ ನೋಡಿದ್ದೇನೆ. ಅವಳ ಬಾಲದ ಗೀರು ನೋಡಿ ‘ಯಾರು ನಿನ್ನನ್ನು ಬಾಚಿದರು’ ಎಂದು ತಮಾಷೆ ಮಾಡಿದ್ದೇನೆ. ಅವನ ಚಿತ್ರ ನನ್ನ ಕೈಗೆ ಸಿಕ್ಕಾಗ, ಅವಳಿರುವ ಮೂಲೆಯನ್ನೇ ಬೇಡವೆಂದು ಕತ್ತರಿಸಿದ್ದೇನೆ.

ತಾಯಿಗೆ ಗೊತ್ತಿಲ್ಲ ಎಂದಿದ್ದ ಅಣ್ಣ. ಗೊತ್ತಿದ್ದದ್ದು ಅವಳಿಗೇ.

ದೋಣಿಯವರಿಗೆ ಹೇಳಿದೆ. ಅವರು ಹೊರಗೆ ಹೋಗಿ ಬಂದರಿನ ಕಟ್ಟೆಯ ಮೇಲೆ ನಿಂತರು. ನಾನೂ ಹೋಗಿ ನಿಂತೆ. ಹಡಗು ಸೀಳಿಕೊಂಡು ಬಂದ ಗೆರೆ ಬಿಟ್ಟರೆ ಸಮುದ್ರ ಹೆಪ್ಪುಗಟ್ಟಿ ಬಯಲಿನಂತಿತ್ತು. ಈಗ ಇಲ್ಲಿ ಒಂದೂ ತಿಮಿಂಗಿಲ ಇಲ್ಲ, ಎಲ್ಲವೂ ದಕ್ಷಿಣದ ಬೆಚ್ಚಗಿನ ನೀರಿಗೆ ಹೋಗಿವೆ. ಆದರೂ ಇಬ್ಬರೂ ನೋಡುತ್ತಾ ನಿಂತಿದ್ದೆವು, ಅತ್ತಿಗೆ. ಮೂಗು ಕೆಂಪಾಗುವವರೆಗೆ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ವರ್ಷದಲ್ಲಿ ಲಕ್ಷ ಬಾಲ ನೋಡಿದ್ದೀರಿ. ಒಂದು ಜೀವಂತ ತಿಮಿಂಗಿಲವನ್ನಾದರೂ ನೋಡಿದ್ದೀರಾ? ಅಣ್ಣ ಎಷ್ಟು ಕರೆದರೂ ನೀವು ಕಚೇರಿ ಬಿಟ್ಟು ಬರಲಿಲ್ಲವೆಂದು ಗೊಣಗುತ್ತಿದ್ದ. ದಕ್ಷಿಣದಲ್ಲಿ ಈಗ ಅವುಗಳ ಕಾಲ. ಲಂಗರಪ್ಪನವರ ದೋಣಿ ತೇಲುತ್ತದೆ ಎಂದು ಕೇಳಿದ್ದೇನೆ.

ಗುಬ್ಬಿ


ದಕ್ಷಿಣ ಕೇಂದ್ರ
ಫೆಬ್ರವರಿ ೧೯

ಗುಬ್ಬಿ,

ಮೇಲಿನ ವಿಳಾಸ ನೋಡಿ ನಕ್ಕಿರುತ್ತೀಯೆ. ರಜೆ ಅರ್ಜಿ ಕೊಟ್ಟಾಗ ಕಚೇರಿಯಲ್ಲಿ ಯಾರಿಗೋ ಕಾಯಿಲೆ ಎಂದುಕೊಂಡರು.

ಇಲ್ಲಿರುವುದು ಒಂದೇ ಕೋಣೆ, ಎರಡು ಕಿಟಕಿ. ಗೋಡೆಯ ಮೊಳೆಗಳಿಗೆ ಹಗ್ಗದ ಸುರುಳಿಗಳು. ಕಂಪ್ಯೂಟರಿನ ಮೇಲೆ ಲಂಗರಪ್ಪನವರು ಟವೆಲ್ ಹೊದಿಸಿದ್ದಾರೆ, ಅದಕ್ಕೆ ಶೀತವಾಗದಿರಲೆಂದು ಇರಬೇಕು. ನಾನು ಕಳಿಸಿದ ಡಿಸ್ಕುಗಳು ಹೊದಿಕೆ ಬಿಚ್ಚದೆ ಸಾಲಾಗಿ ಕಪಾಟಿನಲ್ಲಿ ಕೂತಿವೆ. ಬೈಯಲಿಲ್ಲ.

ಬಂದ ಮೊದಲ ಎರಡು ದಿನ ಗಾಳಿ. ಮೂರನೆಯ ಬೆಳಿಗ್ಗೆ ಅವರು ಬಾಗಿಲು ತಟ್ಟಿ, “ನೀರು ಎಣ್ಣೆ ಆಗಿದೆ, ಏಳಿ” ಎಂದರು. ಅಂಜುತ್ತಲೇ ಹತ್ತಿದೆ. ನನಗೆ ಈಜು ಬರುವುದಿಲ್ಲ ಎಂದೆ. “ನಂಗೂ ಬರಲ್ಲ” ಎಂದರು, ನಲವತ್ತು ವರ್ಷ ದೋಣಿ ನಡೆಸಿದ ಮಹಾನುಭಾವರು.

ಕೊಲ್ಲಿಯ ಬಾಯಿ ದಾಟಿದ ಮೇಲೆ ಒಂದು ಉಸಿರು ಕೇಳಿತು. ಹ್ಞಾ, ಅದನ್ನು ಉಸಿರು ಎಂದೇ ಹೇಳಬೇಕು. ದೊಡ್ಡ ಕೋಣೆಯೊಂದು ನಿಟ್ಟುಸಿರು ಬಿಟ್ಟ ಹಾಗೆ. ತಿರುಗಿ ನೋಡುವಷ್ಟರಲ್ಲಿ ತುಂತುರು ಮುಖಕ್ಕೆ ಬಿತ್ತು. ಬೆಚ್ಚಗಿತ್ತು ಗುಬ್ಬಿ. ಹಳೆಯ ಮೀನಿನ ವಾಸನೆ. ನನ್ನ ಚಿತ್ರಗಳಿಗೆ ವಾಸನೆ ಇರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಬೆನ್ನು ಬಂತು. ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ನಾನು ಪರದೆಯ ಮೇಲೆ ಅಂಗೈಯಗಲ ನೋಡಿದ್ದು ಇದನ್ನೇ ಎಂದು ನಂಬಲು ನನಗೆ ಹೊತ್ತು ಹಿಡಿಯಿತು. ಬಾಲ ಎತ್ತಿದಾಗ ಅದರಿಂದ ನೀರು ಪರದೆಯಂತೆ ಇಳಿಯಿತು. ಬಾಲ ನಿಧಾನವಾಗಿ ಒಳಗೆ ಹೋಯಿತು. ಅದು ಹೋದ ಜಾಗದಲ್ಲಿ ನೀರು ಕನ್ನಡಿಯಾಗಿ ನಿಂತಿತು.

ಅದು ಬಾಚಣಿಗೆಯಲ್ಲ. ಸಂಖ್ಯೆಯೂ ನೆನಪಾಗಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಆ ಹೊತ್ತಿಗೆ ಒಂದೂ ತಲೆಯಲ್ಲಿರಲಿಲ್ಲ. ಬಾಚಣಿಗೆ ಈ ವರ್ಷ ಇಲ್ಲಿಗೆ ಬಂದಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸಮುದ್ರ ದೊಡ್ಡದು.

ಲಂಗರಪ್ಪನವರು ಎಂಜಿನ್ ನಿಲ್ಲಿಸಿದರು. ತಿರುಗಿ ಹೋಗೋಣವೇ ಎಂದು ಕೇಳಿದೆ. ತಡೀರಿ ಎಂಬಂತೆ ಕೈ ತೋರಿಸಿದರು. ಕಾದು ಕೂತೆವು. ಮೊದಲು ಗೊತ್ತಾದದ್ದು ಅಂಗಾಲಿಗೆ. ದೋಣಿಯ ಹಲಗೆ ಸಣ್ಣಗೆ ನಡುಗುತ್ತಿತ್ತು. ಎಂಜಿನ್ ಇನ್ನೂ ಓಡುತ್ತಿದೆಯೇ ಎಂದೆ.

“ಇಲ್ಲಮ್ಮ. ಕೆಳಗೆ ಹಾಡ್ತಾ ಇದೆ. ಗಂಡು. ಮಲಗಿ ಕಿವಿ ಇಟ್ರೆ ಕೇಳುತ್ತೆ.”

“ಇಲ್ಲೇ ಮಲಗೋದಾ?”

“ನಿಮ್ಮ ಯಜಮಾನ್ರು ಇಲ್ಲೇ ಮಲಗ್ತಿದ್ರು. ಕ್ಯಾಮೆರಾನ ನನ್ನ ಕೈಗೆ ಕೊಟ್ಟು. ಗಂಟೆಗಟ್ಲೆ ಏಳ್ತಿರಲಿಲ್ಲ. ಆಮೇಲೆ ನನಗೆ ಲಂಗರು ಅಂತ ಹೆಸರಿಟ್ರು ನೋಡಿ.”

ಒಳಗೆ ಅಂಗುಲ ನೀರು ನಿಂತಿತ್ತು. ಮಲಗಿದೆ. ಈ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ದೋಣಿಯ ತಳಕ್ಕೆ ಕಿವಿ ಹಚ್ಚಿ. ಮೊದಲು ನನ್ನ ರಕ್ತದ ಸದ್ದೇ ಕೇಳಿತು. ಆಮೇಲೆ ಅದರ ಹಿಂದಿನಿಂದ, ಬಹಳ ಕೆಳಗಿನಿಂದ, ಒಂದು ಸ್ವರ ಏರುತ್ತಾ ಬಂತು. ಹಳೆಯ ಬಾಗಿಲು ತೆರೆದಂತೆ, ಕರು ತಾಯಿಯನ್ನು ಕರೆದಂತೆ, ಮತ್ತೆ ಯಾವುದರಂತೆಯೂ ಇಲ್ಲದಂತೆ. ಒಂದು ಸಾಲು ಮುಗಿದು ನಿಲ್ಲುತ್ತದೆ. ಇನ್ನಿಲ್ಲ ಎಂದುಕೊಳ್ಳುವಷ್ಟರಲ್ಲಿ ಅದೇ ಸಾಲು ಮತ್ತೆ ಬರುತ್ತದೆ. ಕೆನ್ನೆಯ ಮೂಳೆಯಲ್ಲಿ ಕೇಳುತ್ತದೆ ಅದು, ಹಲ್ಲಿನಲ್ಲಿ ಕೇಳುತ್ತದೆ. ಎಷ್ಟು ಹೊತ್ತು ಮಲಗಿದ್ದೆನೋ ತಿಳಿಯದು. ನಾನು ಅಳುತ್ತಿದ್ದೆನೋ, ಕಡಲ ನೀರೋ, ಅದೂ ತಿಳಿಯದು.

ಅವರು ಮನೆಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಅಲ್ಲಿ ಇಡೀ ದಿನ ಏನು ಮಾಡುತ್ತೀರಿ ಎಂದು. ಏನೂ ಇಲ್ಲ ಎನ್ನುತ್ತಿದ್ದರು. ಏನೋ ಮುಚ್ಚಿಡುತ್ತಾರೆ ಎಂದು ಎಷ್ಟೋ ಸಲ ಮುನಿಸಿಕೊಂಡಿದ್ದೆ. ಈಗ ನಿನಗೆ ಎರಡು ಹಾಳೆ ಬರೆದ ಮೇಲೆ ಓದಿ ನೋಡಿದರೆ ಇದರಲ್ಲಿ ಆ ಸದ್ದು ಒಂದಿಷ್ಟೂ ಇಲ್ಲ.

ಮಾರ್ಚ್ ಮುಗಿಯುವವರೆಗೆ ಅವು ಇಲ್ಲೇ ಇರುತ್ತವಂತೆ, ಆಮೇಲೆ ನಿನ್ನ ಕಡೆಗೆ ಹೊರಡುತ್ತವೆ. ನಾನೂ ರಜೆ ಮುಂದುವರಿಸಲು ಬರೆದಿದ್ದೇನೆ. ಮೊದಲ ಹಡಗಿಗೆ ಹೊರಟು ಬಾ. ದೋಣಿಯ ತಳ ಅಗಲವಾಗಿದೆ, ಇಬ್ಬರು ಮಲಗಬಹುದು.

ನಿನ್ನ ಅತ್ತಿಗೆ